ಉಡುಪಿಯಲ್ಲಿ ರೋಟರಿ ಸೇರಿದ್ದೇನೆ. ಮುಂದಿನ ಸಭೆಯಲ್ಲಿ ನನ್ನ ಬದುಕಿನ ಬಗ್ಗೆ ಏನು ಹೇಳಲಿ?

ನಿಮ್ಮ ಕೆಲಸದ ದಾರಿಯನ್ನು ಹೇಳಿ. 1905ರಲ್ಲಿ ಶಿಕಾಗೋದಲ್ಲಿ ರೋಟರಿ ಶುರು ಮಾಡಿದ ವಕೀಲ ಪಾಲ್ ಹ್ಯಾರಿಸ್ ಜೊತೆ ಮೊದಲ ಸಭೆಯಲ್ಲಿ ಕೂತಿದ್ದು ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಟೈಲರ್. ಒಬ್ಬೊಬ್ಬರದು ಒಂದೊಂದು ಕಸುಬು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಾಗಲಿ ಅಂತಲೇ ಹೊಸಬರಿಗೆ ಹೀಗೆ ಮಾತಾಡಲು ಹೇಳುವುದು. ಹಾಗಾಗಿ ಸುಮ್ನೆ ಡಿಗ್ರಿಗಳ ಪಟ್ಟಿ ಓದಬೇಡಿ. ಮಲ್ಪೆಯ ಬೋಟಿನಲ್ಲಿ ದುಡಿದಿದ್ದರೆ ಅಲ್ಲಿಂದ ಶುರು ಮಾಡಿ. ಮುಂಬೈಗೆ ಹೋಗಿ, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದ್ದರೆ ಅದನ್ನು ಖಂಡಿತ ಬಿಡಬೇಡಿ. ನಮ್ಮ ಕಡೆ ಎಷ್ಟೋ ಮನೆಗಳ ಕಥೆ ಅದು, ಅಲ್ವಾ? ಕೇಳುವವರಿಗೆ ತಮ್ಮ ಅಪ್ಪನೋ ಮಾವನೋ ನೆನಪಾಗುತ್ತಾರೆ. ಸಂಕಟದ ದಿನಗಳನ್ನು ಹೇಳಲೇಬೇಕೆಂದಿಲ್ಲ, ಮನಸ್ಸಿದ್ದರೆ ಮಾತ್ರ. ಸಮಯ ಎಷ್ಟು ಅಂತ ಮೊದಲೇ ಕಾರ್ಯದರ್ಶಿಯನ್ನು ಕೇಳಿಕೊಳ್ಳಿ.