ತಿಳಿದದ್ದು, ಸವಿದದ್ದು: ಸೂಫಿ ಕಲಿಕೆಯ ಬಗ್ಗೆ ಎರಡು ಪ್ರಶ್ನೆಗಳು

ಪ್ರಶ್ನೆ: ಮೂಡಿಗೆರೆಯ ಬಳಿ ನನ್ನದೊಂದು ಸಣ್ಣ ಕಾಫಿ ತೋಟವಿದೆ. ಎರಡು ವರ್ಷಗಳಿಂದ ಸೂಫಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಪರಿಚಯದ ಹಿರಿಯರೊಬ್ಬರು, ‘ಇದು ಓದಿ ಬರುವ ವಿದ್ಯೆಯಲ್ಲ, ಗುರು ಬೇಕು’ ಎಂದರು. ಹಾಗಾದರೆ ಸೂಫಿಗಳಿಗೆ ಓದು ಬೇಡವೇ? ಗುರುವಿಗೆ ಶರಣಾಗುವುದೆಂದರೆ ಬುದ್ಧಿಯನ್ನು ಒತ್ತೆ ಇಟ್ಟಂತಲ್ಲವೇ?
(ಓದುಗರು, ಮೂಡಿಗೆರೆ ತಾಲ್ಲೂಕು)

ಉತ್ತರ: ಆ ಹಿರಿಯರು ಹೇಳಿದ್ದು ಸರಿ, ಆದರೆ ಅದು ಓದಿನ ನಿಂದೆಯಲ್ಲ. ಸೂಫಿಗಳು ‘ಇಲ್ಮ್’ ಮತ್ತು ‘ಮಾರಿಫತ್’ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಬಳಸುತ್ತಾರೆ. ಮೊದಲನೆಯದು ಕೇಳಿ, ಓದಿ ಪಡೆದ ತಿಳಿವಳಿಕೆ. ಎರಡನೆಯದು ಬಾಳಿನಲ್ಲಿ ಇಳಿದು ಮನುಷ್ಯನನ್ನೇ ಬದಲಿಸಿದ ಅರಿವು. ಈ ಅಂತರವನ್ನು ಸ್ವಂತ ಬದುಕಿನಲ್ಲೇ ಅನುಭವಿಸಿದವರು ಇಮಾಮ್ ಗಜಾಲಿ. ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಬೋಧಿಸುತ್ತಿದ್ದ, ತಮ್ಮ ಕಾಲದ ಬಹುದೊಡ್ಡ ಪಂಡಿತರೆನಿಸಿದ್ದ ಅವರು, ತಮ್ಮ ಬೋಧನೆಯ ಹಿಂದೆ ಕೀರ್ತಿಯ ಹಂಬಲವಿದೆಯೆಂದು ಕಂಡುಕೊಂಡು, ಒಂದು ಹಂತದಲ್ಲಿ ತರಗತಿಯಲ್ಲಿ ಮಾತೇ ಹೊರಡದಂತಾಗಿ, 1095ರಲ್ಲಿ ಆ ಪೀಠವನ್ನು ತೊರೆದು ಹೊರಟರು. ಆರೋಗ್ಯದ ಲಕ್ಷಣವನ್ನು ಬಲ್ಲ ವೈದ್ಯನೂ ಕಾಯಿಲೆ ಬಿದ್ದಾಗ ಆರೋಗ್ಯವಂತನಲ್ಲ ಎಂಬುದು ಅವರು ಕೊಟ್ಟ ಹೋಲಿಕೆ. ಸೂಫಿಗಳ ಅರಿವಿಗೆ ಅವರು ಬಳಸಿದ ಪದ ‘ಝೌಕ್’, ಎಂದರೆ ರುಚಿ. ಇದನ್ನು ಕಾಫಿ ಬೆಳೆಗಾರರಾದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ತೇವಾಂಶ, ಹುರಿಯುವ ಹದ, ತಳಿ ಎಲ್ಲವನ್ನೂ ಬಾಯಿಪಾಠ ಹೇಳುವವನಿಗೂ ಒಂದು ಲೋಟ ಕುಡಿಯುವವರೆಗೆ ಆ ಕಾಫಿ ಗೊತ್ತಿಲ್ಲ. ಆದರೂ ಗಜಾಲಿ ಪುಸ್ತಕಗಳನ್ನು ಸುಡಲಿಲ್ಲ. ಅವರ ಅತ್ಯಂತ ದೊಡ್ಡ ಬರವಣಿಗೆ ಮೂಡಿದ್ದೇ ಆ ಅಲೆದಾಟದ ವರ್ಷಗಳಲ್ಲಿ. ನಮ್ಮ ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರೂ ಹೇರಳವಾಗಿ ಬರೆದವರು, ಶಿಷ್ಯರಿಗೆ ಗ್ರಂಥಗಳನ್ನು ಪಾಠ ಹೇಳಿದವರು.

ಹಾಗಿದ್ದ ಮೇಲೆ ಗುರುವೇಕೆ? ಇದಕ್ಕೆ ಉತ್ತರ ‘ನಫ್ಸ್’ ಎಂಬ ಪದದಲ್ಲಿದೆ. ‘ನಾನು’ ಎಂದು ನಮ್ಮೊಳಗೆ ಕುಳಿತಿರುವುದೇ ನಫ್ಸ್. ಕುರಾನಿನ ಮಾತುಗಳನ್ನು ಆಧರಿಸಿ ಸೂಫಿಗಳು ಅದರ ಮೂರು ಸ್ಥಿತಿಗಳನ್ನು ಹೇಳುತ್ತಾರೆ: ಕೆಡುಕಿಗೆ ಒತ್ತಾಯಿಸುವ ‘ಅಮ್ಮಾರಾ’, ತನ್ನನ್ನು ತಾನೇ ಹಳಿದುಕೊಳ್ಳುವ ‘ಲವ್ವಾಮಾ’, ನೆಮ್ಮದಿಗೊಂಡ ‘ಮುತ್ಮಇನ್ನಾ’. ನಫ್ಸಿನ ಅಪಾಯವಿರುವುದು ಅದು ಪಾಪವನ್ನು ಮಾತ್ರವಲ್ಲ, ಪುಣ್ಯವನ್ನೂ ತಿಂದು ಕೊಬ್ಬುತ್ತದೆ ಎಂಬುದರಲ್ಲಿ. ಉಪವಾಸ ಮಾಡಿದವನಿಗೆ ತಾನು ಉಪವಾಸಿಯೆಂಬ ಹೆಮ್ಮೆ ಹುಟ್ಟುತ್ತದೆ, ಹೆಮ್ಮೆ ಬಿಟ್ಟವನಿಗೆ ತಾನು ವಿನಯವಂತನೆಂಬ ಹೆಮ್ಮೆ ಹುಟ್ಟುತ್ತದೆ. ಇದನ್ನು ಒಳಗಿನಿಂದ ಕಾಣುವುದು ಬಹಳ ಕಷ್ಟ. ಆ ದಾರಿಯಲ್ಲಿ ಮೊದಲೇ ನಡೆದ ಇನ್ನೊಬ್ಬರ ಕಣ್ಣು ಬೇಕು. ಅವರೇ ಮುರ್ಶಿದ್ ಅಥವಾ ಪೀರ್, ಕಲಿಯುವವನು ಮುರೀದ್. ತೋಟದಲ್ಲಿ ಯಾವ ಚಿಗುರು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನೀವು ಕಲಿತದ್ದೂ ಬಹುಶಃ ಹಿರಿಯರ ಜೊತೆ ಗಿಡದ ಬುಡದಲ್ಲಿ ನಿಂತೇ ಇರಬೇಕು.

ಬುದ್ಧಿಯನ್ನು ಒತ್ತೆ ಇಡುವ ವಿಚಾರದಲ್ಲಿ ನಿಮ್ಮ ಅಳುಕು ನ್ಯಾಯವಾದದ್ದೇ. ಮುರೀದನು ಗುರುವಿನ ಕೈಯಲ್ಲಿ, ಶವಕ್ಕೆ ಸ್ನಾನ ಮಾಡಿಸುವವನ ಕೈಯಲ್ಲಿರುವ ಶವದಂತೆ ಇರಬೇಕು ಎಂಬ ಹಳೆಯ ಹೋಲಿಕೆಯೊಂದಿದೆ. ಇದು ತನ್ನ ಹಟವನ್ನು ಬಿಡಬೇಕೆಂಬುದನ್ನು ಹೇಳಿದ್ದೇ ಹೊರತು ವಿವೇಕವನ್ನು ಬಿಡಬೇಕೆಂದಲ್ಲ ಎಂದೇ ನಾನು ತಿಳಿಯುತ್ತೇನೆ. ಲಾಹೋರಿನಲ್ಲಿ ಸಮಾಧಿಯಾಗಿರುವ ಸೂಫಿ ಗ್ರಂಥಕಾರ ಹುಜ್ವೀರಿ 11ನೇ ಶತಮಾನದಲ್ಲಿಯೇ ವೇಷಧಾರಿ ಸೂಫಿಗಳ ಬಗ್ಗೆ ನೊಂದು ಎಚ್ಚರಿಸಿದ್ದರು. ಹಣ, ಆಸ್ತಿ, ಕುರುಡು ವಿಧೇಯತೆಗಳನ್ನು ಕೇಳುವವನು ನಿಮ್ಮ ನಫ್ಸನ್ನು ಕರಗಿಸುತ್ತಿಲ್ಲ, ತನ್ನದನ್ನು ಬೆಳೆಸಿಕೊಳ್ಳುತ್ತಿದ್ದಾನೆ. ಗುರುವನ್ನು ಜಾತಿಮತಗಳ ಗೆರೆಯೊಳಗೇ ಹುಡುಕಬೇಕೆಂಬ ನಿಯಮ ಕನ್ನಡ ನೆಲದಲ್ಲಂತೂ ನಿಂತಿಲ್ಲ: ಶಿಶುನಾಳ ಶರೀಫರು (1819–1889) ಗೋವಿಂದಭಟ್ಟರ ಶಿಷ್ಯರಾದದ್ದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಬಾಬಾಬುಡನ್‌ಗಿರಿಗೆ ಕಾಫಿ ತಂದವರು ಸೂಫಿ ಸಂತರೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಸೂಫಿಗಳ ಸಾಧನೆಗೂ ಕಾಫಿಗೂ ನಿಜವಾಗಿ ಸಂಬಂಧವಿದೆಯೇ?
(ಓದುಗರು, ಹಾಸನ)

ಉತ್ತರ: ಇದೆ. ಬಾಬಾಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪರಂಪರೆಯ ಮಾತು. ಆದರೆ ಅದಕ್ಕೂ ಮೊದಲು, 15ನೇ ಶತಮಾನದಲ್ಲಿ, ಯೆಮನ್‌ನ ಸೂಫಿಗಳು ರಾತ್ರಿಯ ‘ಝಿಕ್ರ್’ಗೆ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು ಎಂಬುದು ಇತಿಹಾಸ. ಝಿಕ್ರ್ ಎಂದರೆ ಸ್ಮರಣೆ: ದೇವರ ಹೆಸರನ್ನು ನಾಲಿಗೆಯಿಂದ ಆರಂಭಿಸಿ ಉಸಿರಿಗೂ ಎದೆಗೂ ಇಳಿಸುವ ಅಭ್ಯಾಸ. ನಕ್ಷಬಂದಿ ಪರಂಪರೆಯವರು ಹೆಚ್ಚಾಗಿ ಮೌನವಾಗಿ ಮಾಡುತ್ತಾರೆ. ಚಿಶ್ತಿಗಳಲ್ಲಿ ಹಾಡಿಗೂ ಎಡೆಯಿದೆ. ಬಿಜಾಪುರದ ಸೂಫಿಗಳು ಬೀಸುವ ಹೆಂಗಸರಿಗಾಗಿ ದಖ್ಖನಿ ಉರ್ದುವಿನಲ್ಲಿ ‘ಚಕ್ಕಿನಾಮಾ’ ಹಾಡುಗಳನ್ನು ಕಟ್ಟಿ, ಬೀಸುಕಲ್ಲಿನ ಗೂಟವನ್ನು ಅಲ್ಲಾಹುವಿನ ಮೊದಲಕ್ಷರವಾದ ‘ಅಲಿಫ್’ಗೆ ಹೋಲಿಸಿದರು. ಹೀಗೆ ಖಾನಖಾದ, ಎಂದರೆ ಸೂಫಿಗಳ ಮಠದ, ಬಾಗಿಲನ್ನು ತುಳಿಯದವರ ಮನೆಗೂ, ಅವರ ಕೈಗೆಲಸದ ಲಯದಲ್ಲಿಯೇ ಕಲಿಕೆ ತಲುಪಿತು. ನಮ್ಮ ಬೀಸುವ ಪದಗಳನ್ನು ಕೇಳಿ ಬೆಳೆದವರಿಗೆ ಇದು ಕೂಡಲೇ ಹಿಡಿಸುತ್ತದೆ.

ಕಾಫಿಯ ವಿಷಯಕ್ಕೆ ಮರಳುವುದಾದರೆ, 16ನೇ ಶತಮಾನದ ಕೈರೋದಲ್ಲಿ ಯೆಮನಿ ಸೂಫಿಗಳು ಕೂಡುತ್ತಿದ್ದ ರಾತ್ರಿಗಳ ವರ್ಣನೆ ಉಳಿದುಬಂದಿದೆ: ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ಇರುತ್ತಿತ್ತು, ಹಿರಿಯರು ಸಣ್ಣ ಬಟ್ಟಲಿನಲ್ಲಿ ತೋಡಿ ಬಲಗಡೆಯಿಂದ ಒಬ್ಬೊಬ್ಬರಿಗೇ ಕೊಡುತ್ತ ಬರುತ್ತಿದ್ದರು, ಆಗ ಕೂತವರೆಲ್ಲ ‘ಲಾ ಇಲಾಹ ಇಲ್ಲಲ್ಲಾಹ್’ ಎಂದು ಒಟ್ಟಿಗೆ ಹೇಳುತ್ತಿದ್ದರು.