ಕೈ ಕಟ್ಟಿ, ಕಾಲು ಬಿಡಿ

ಹೊಳಲ್ಕೆರೆ ತಾಲ್ಲೂಕಿನ ತವರುಮನೆಯಿಂದ ನಾಲ್ಕು ಪುಟದ ಪತ್ರ ಬಂದಿದೆ. ಬರೆದಾಕೆ ದಾವಣಗೆರೆಯ ಸೊಸೆ, ಚೊಚ್ಚಲ ಬಾಣಂತಿ. ಹೆಣ್ಣುಕೂಸಿಗೆ 26 ದಿನ. ಊರಿನ ಅಜ್ಜಿಯೊಬ್ಬರು ದಿನಾ ಬಂದು ಕೂಸಿಗೆ ಎರೆಯುತ್ತಾರೆ. ಎರೆದಾದ ಮೇಲೆ ಕಾಲು ಜಗ್ಗಿ ನೆಟ್ಟಗೆ ಮಾಡಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಬಟ್ಟೆ ಬಿಗಿದು, ಮೇಲೊಂದು ಪಟ್ಟಿ ಕಟ್ಟಿ, ಕಂಬಳಿ ಹೊದಿಸುತ್ತಾರೆ. ಕೂಸು ನಾಲ್ಕೈದು ತಾಸು ಮಿಸುಕುವುದಿಲ್ಲ. ಅವ್ವನಿಗೆ ಅದೇ ಹೆಮ್ಮೆ. ಯಜಮಾನರು ವಿಡಿಯೊ ಕಾಲ್‌ನಲ್ಲಿ ಇದನ್ನು ನೋಡಿ, "ಇದು ಹಿಂಸೆ, ಇವತ್ತಿಂದ ಬಟ್ಟೆ ಸುತ್ತೋದು ಬಂದ್" ಎಂದಿದ್ದಾರೆ. ಒಂದು ದಿನ ಸುತ್ತದೆ ಮಲಗಿಸಿದ್ದಕ್ಕೆ ಕೂಸು ಸಂಜೆವರೆಗೂ ಅತ್ತಿತು. ಅವ್ವ ಮಾತು ಬಿಟ್ಟರು. "ನಾನು ಯಾರ ಮಾತು ಕೇಳಲಿ?" ಅನ್ನುವುದು ಪ್ರಶ್ನೆ.

ಸದ್ಯಕ್ಕೆ ಇಬ್ಬರದ್ದೂ ಬೇಡ ತಾಯಿ. ಮೂರನೇ ಪುಟದಲ್ಲಿ, ಹೊಲಿಗೆ ನೋವಿನ ಸುದ್ದಿ ಹೇಳುವಾಗ, ನೀವು ಹಾಗೇ ಒಂದು ಸಾಲು ಸೇರಿಸಿದ್ದೀರಿ: "ಕೂಸು ಕೊನೇ ತಿಂಗಳಲ್ಲೂ ಕುಂಡಿ ಕೆಳಗಾಗಿ ಕೂತಿತ್ತು, ಅದಕ್ಕೇ ಸಿಸೇರಿಯನ್ ಆಯ್ತು." ಈ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವ್ವನ ಮುನಿಸೂ ಅಲ್ಲ, ಯಜಮಾನರ ಅಪ್ಪಣೆಯೂ ಅಲ್ಲ, ಈ ಸಾಲು. ನಿಮ್ಮ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ, ಅದರಲ್ಲಿ 'ಬ್ರೀಚ್' ಅಂತ ಬರೆದಿರುತ್ತಾರೆ. ಆ ಪದಕ್ಕೂ ಅಜ್ಜಿ ಕಾಲು ಜಗ್ಗಿ ಕಟ್ಟುವುದಕ್ಕೂ ನೇರ ಸಂಬಂಧವಿದೆ.

ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಸೊಂಟದಲ್ಲಿ ಅದು ಕೂರುವ ಬಟ್ಟಲು. ಎಳೆಗೂಸಿನಲ್ಲಿ ಆ ಬಟ್ಟಲು ಬಹುಪಾಲು ಮೃದ್ವಸ್ಥಿ, ಅಂದರೆ ಇನ್ನೂ ಗಟ್ಟಿಮೂಳೆಯಾಗದ ಮೆತ್ತನೆ ಭಾಗ, ಆಳವೂ ಕಡಿಮೆ. ಕಾಲು ಮಡಚಿ ಅಗಲವಾಗಿದ್ದರೆ ಗುಂಡು ಬಟ್ಟಲಿನ ನಡುವೆ ಒತ್ತಿ ಕೂತು, ಬಟ್ಟಲು ತಾನೇ ಆಳವಾಗುತ್ತದೆ. ಎರಡೂ ಕಾಲು ಜೋಡಿಸಿ ನೆಟ್ಟಗೆ ಬಿಗಿದರೆ ಗುಂಡು ಅಂಚಿಗೆ ಸರಿಯುತ್ತದೆ, ಕೆಲವು ಕೂಸುಗಳಲ್ಲಿ ಹೊರಗೇ ಜಾರುತ್ತದೆ. ಯಾವ ಕೂಸುಗಳಲ್ಲಿ ಇದರ ಭಯ ಹೆಚ್ಚು? ಹೆಣ್ಣುಕೂಸು, ಚೊಚ್ಚಲ ಕೂಸು, ಕುಂಡಿ ಕೆಳಗಾಗಿದ್ದ ಕೂಸು. ನಿಮ್ಮ ಮಗಳಲ್ಲಿ ಮೂರೂ ಇವೆ. ಜಪಾನಿನಲ್ಲಿ ಎಳೆಗೂಸುಗಳ ಕಾಲು ನೆಟ್ಟಗೆ ಸುತ್ತುವ ರೂಢಿ ಬಿಡಿಸಲು 1970ರ ದಶಕದಲ್ಲಿ ದೇಶದಾದ್ಯಂತ ತಿಳಿವಳಿಕೆ ಕೊಟ್ಟರು. ಸೊಂಟ ಜಾರಿದ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಅವರು ಬಟ್ಟೆ ಸುತ್ತುವುದನ್ನೇ ನಿಲ್ಲಿಸಿ ಅನ್ನಲಿಲ್ಲ, ಕಾಲು ಬಿಡಿ ಅಂದರು.

ಇದು ನೋಯುವ ತೊಂದರೆಯಲ್ಲ, ಕೂಸು ಅತ್ತು ಹೇಳುವುದಿಲ್ಲ. ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿರುವುದು, ಒಂದು ಕಾಲು ಗಿಡ್ಡ ಕಾಣುವುದು, ತೊಡೆಯ ಗೆರೆಗಳು ಹೆಚ್ಚುಕಮ್ಮಿಯಾಗಿರುವುದು, ಇವು ಲಕ್ಷಣಗಳು. ಒಂದೂ ಕಾಣದೆ ಇರಬಹುದು. ಹಾಗೇ ಬಿಟ್ಟರೆ ಕೂಸು ನಡೆಯಲು ಶುರುಮಾಡಿ ಕುಂಟಿದಾಗಲೇ ಗೊತ್ತಾಗುವುದು. ಮೊದಲ ತಿಂಗಳುಗಳಲ್ಲಿ ಸಿಕ್ಕರೆ ಕೆಲವು ವಾರ ಪಟ್ಟಿಯ ಜೋಡಣೆ ಹಾಕಿ ಕಾಲು ಅಗಲವಾಗಿ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ತಡವಾದರೆ ಆಪರೇಷನ್ನು.

ಈಗ ಯಜಮಾನರ ವಿಷಯ. ಕೂಸನ್ನು ಫೋನಿನಲ್ಲಿ ನೋಡಿ ಸಾಕಲು ಆಗುವುದಿಲ್ಲ. ದಾವಣಗೆರೆಯಿಂದ ಹೊಳಲ್ಕೆರೆ ಬೆಳಿಗ್ಗೆ ಬಂದು ಸಂಜೆ ವಾಪಸಾಗುವಷ್ಟು ಹತ್ತಿರ. ಅಷ್ಟು ದೂರ ಬಸ್ಸಿಗೆ ಕೂರದವರು, ಎರೆದ ಕೂಸನ್ನು ಒಂದು ದಿನವೂ ಒರೆಸದವರು, 'ಬಂದ್' ಅನ್ನುವುದು ಸುಲಭ. ಬಟ್ಟೆ ಸುತ್ತುವುದು ಹಿಂಸೆಯಲ್ಲ. ಎಳೆಗೂಸು ತನ್ನ ಕೈ ತಾನೇ ಎಗರಿಸಿ ಬೆಚ್ಚಿ ಏಳುತ್ತದೆ. ಆ ಬೆಚ್ಚುವಿಕೆ ಕಡಿಮೆಯಾಗಲು ಮೂರ್ನಾಲ್ಕು ತಿಂಗಳು ಬೇಕು. ಎರೆದ ಮೇಲೆ ಅಳುವುದಕ್ಕೆ ಇನ್ನೊಂದು ಕಾರಣ ಚಳಿ: ಒದ್ದೆ ಮೈಯಿಂದ ನೀರು ಆರುವಾಗ ಶಾಖವನ್ನೂ ಎಳೆದೊಯ್ಯುತ್ತದೆ. ಅಜ್ಜಿ ಬಟ್ಟೆ ಸುತ್ತಿ ಈ ಎರಡನ್ನೂ ತಡೆಯುತ್ತಿದ್ದಾರೆ. ಅವರ ಕೈಗೆ ನನ್ನ ಪೂರಾ ಗೌರವವಿದೆ. ತಪ್ಪಿರುವುದು ಸೊಂಟದಿಂದ ಕೆಳಗೆ ಮಾತ್ರ. ಮತ್ತೆ ಕಂಬಳಿ. ಅದರಲ್ಲಿ ಮಾತ್ರ ಯಜಮಾನರ ಸಿಟ್ಟು ನ್ಯಾಯವೇ.

ಎರೆಯುವ ನೀರು ಮೊಣಕೈಗೆ ಬೆಚ್ಚಗಿರಲಿ, ಬಿಸಿ ಅನ್ನಿಸಬಾರದು. ಅಳತೆ ಬೇಕಿದ್ದರೆ 37 ಡಿಗ್ರಿ ಸೆಲ್ಸಿಯಸ್. ಐದು ನಿಮಿಷ ಧಾರಾಳ ಸಾಕು. ಫ್ಯಾನು ಆರಿಸಿ, ಗಾಳಿ ಬೀಸುವ ಬಾಗಿಲು ಮುಚ್ಚಿ. ಟವೆಲ್ ಎರಡಿರಬೇಕು. ಮೊದಲನೆಯದರಲ್ಲಿ ಎತ್ತಿಕೊಂಡು ತಲೆ ಮೊದಲು ಒರೆಸಿ. ಅದು ಒದ್ದೆಯಾದ ಕೂಡಲೇ ಆಚೆ ಹಾಕಿ ಎರಡನೆಯದಕ್ಕೆ ಬದಲಾಯಿಸಿ. ಒದ್ದೆ ಟವೆಲಿನಲ್ಲೇ ಕೂಸನ್ನು ಸುತ್ತಿ ಕೂರುವುದು ನೂರು ಮನೆಗಳಲ್ಲಿ ನಡೆಯುವ ತಪ್ಪು. ಕುತ್ತಿಗೆ ಮಡಿಕೆ, ಕಂಕುಳು, ತೊಡೆಸಂದು ಒತ್ತಿ ಒರೆಸಿ, ಉಜ್ಜಬೇಡಿ. ಅಲ್ಲಿ ತೇವ ಉಳಿದ ಮೇಲೆ ಬಟ್ಟೆ ಸುತ್ತಿದರೆ ಕೆಂಪಗೆ ಹುಣ್ಣಾಗುತ್ತದೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಸಾಂಬ್ರಾಣಿ ಹೊಗೆಯೂ ಬೇಡ, ಎಷ್ಟೇ ಪರಿಮಳವಿದ್ದರೂ ಎಳೇ ಶ್ವಾಸಕೋಶಕ್ಕೆ ಅದು ಹೊಗೆಯೇ.

ಬಟ್ಟೆ ಒಂದು ಮೀಟರ್ ಚೌಕದ್ದು. ಅಂಗಡಿಯ ದಪ್ಪ ಉಣ್ಣೆ ಚೀಲಕ್ಕಿಂತ ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಪಂಚೆ ಉತ್ತಮ. ಮೂಲೆ ಮೇಲೆ ಬರುವಂತೆ ಹಾಸಿ, ಆ ಮೂಲೆಯನ್ನು ಒಂದು ಗೇಣು ಒಳಮಡಚಿ, ಮಡಿಕೆಯ ಮೇಲೆ ಕೂಸಿನ ಭುಜ ಬರುವಂತೆ ಅಂಗಾತ ಮಲಗಿಸಿ. ಒಂದು ಕೈ ಪಕ್ಕಕ್ಕೋ ಎದೆ ಮೇಲಕ್ಕೋ ಇಟ್ಟು ಆ ಬದಿಯ ಬಟ್ಟೆ ಎಳೆದು ಬೆನ್ನ ಕೆಳಗೆ ಸಿಕ್ಕಿಸಿ. ಕೆಳಮೂಲೆಯನ್ನು ಮೇಲೆ ತನ್ನಿ, ಸಡಿಲವಾಗಿ. ಆಮೇಲೆ ಇನ್ನೊಂದು ಬದಿ. ಎದೆಗೂ ಬಟ್ಟೆಗೂ ನಡುವೆ ನಿಮ್ಮ ಎರಡು ಬೆರಳು ಹೋಗಬೇಕು. ಒಳಗೆ ಕೂಸು ಕಪ್ಪೆಯಂತೆ ಮೊಣಕಾಲು ಮಡಚಿ ಅಗಲ ಮಾಡುವುದಕ್ಕೆ, ಒದೆಯುವುದಕ್ಕೆ ಜಾಗವಿರಬೇಕು. ಪಟ್ಟಿ, ದಾರ, ಪಿನ್ನು ಯಾವುದೂ ಬೇಡ. ಕಾಲು ನೆಟ್ಟಗೆ ಕಟ್ಟದಿದ್ದರೆ ಸೊಟ್ಟಗಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆಂದು ಬರೆದಿದ್ದೀರಿ. ಎಳೆಗೂಸುಗಳ ಕಾಲು ಬಾಗಿರುವುದೇ ಸಹಜ. ನಡೆಯಲು ಕಲಿತ ಮೇಲೆ, ಎರಡು ವರ್ಷದ ಆಸುಪಾಸಿಗೆ ತಾನೇ ನೆಟ್ಟಗಾಗುತ್ತದೆ.

ಕಂಬಳಿ ಅಂದೆನಲ್ಲ. ಚಳ್ಳಕೆರೆ ಕಡೆಯ ಕುರಿಕಂಬಳಿ ದೊಡ್ಡವರ ಚಳಿಗೆ ಒಳ್ಳೆಯದು. ನಮ್ಮ ಕಡೆಯ ಬೇಸಿಗೆಯಲ್ಲಿ, ಅದೂ ಶೀಟಿನ ಮನೆಯಲ್ಲಿ, ಸುತ್ತಿದ ಕೂಸಿನ ಮೇಲೆ ಕಂಬಳಿ ಹಾಕಿದರೆ ಮೈ ಕಾದುಹೋಗುತ್ತದೆ, ಮುಖಕ್ಕೂ ಜಾರಬಹುದು. ಮೈ ಕಾಯುವುದು, ಮುಖ ಮುಚ್ಚುವುದು, ಬೋರಲಾಗಿ ಮಲಗುವುದು, ಈ ಮೂರೂ ನಿದ್ದೆಯಲ್ಲೇ ಕೂಸಿನ ಜೀವಕ್ಕೆ ಅಪಾಯ ತರುವಂಥವು. ಅಂಗೈ ಅಂಗಾಲು ತಣ್ಣಗಿದೆಯೆಂದು ಇನ್ನೊಂದು ಪದರ ಹೊದಿಸಬೇಡಿ, ಎಳೆಗೂಸಿಗೆ ಅವು ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಒಳಗೆ ಮಲಗಿದಾಗ ಕುಲಾವಿಯೂ ತೆಗೆಯಿರಿ. ಕೂಸು ಮಗ್ಗುಲಾಗಲು ಹವಣಿಸಿದ ದಿನವೇ, ಅದು ಎರಡನೇ ತಿಂಗಳಾಗಿದ್ದರೂ ಸರಿ, ಸುತ್ತುವುದು ನಿಲ್ಲಬೇಕು.

ನಾಲ್ಕೈದು ತಾಸಿನ ನಿದ್ದೆಗೆ ಅವ್ವ ಹಿಗ್ಗುವುದು ಸಹಜವೇ. ಆದರೆ ಹಸಿದ ಕೂಸು ಅಳುವ ಮೊದಲು ಕೈ ಬಾಯಿಗೆ ಒಯ್ಯುತ್ತದೆ. ಕೈ ಕಟ್ಟಿದರೆ ನಿಮಗದು ಕಾಣುವುದಿಲ್ಲ. ದಿನರಾತ್ರಿ ಸೇರಿ 8ರಿಂದ 12 ಸಲ ಹಾಲು ಬೇಕು. ಹಗಲು ಮೂರು ತಾಸಾದರೆ ಬಟ್ಟೆ ಬಿಚ್ಚಿ, ಎಬ್ಬಿಸಿ, ಮೈಗೆ ಮೈ ತಾಗಿಸಿ ಕುಡಿಸಿ. 28ನೇ ದಿನಕ್ಕೆ ಆಶಾ ಕಾರ್ಯಕರ್ತೆ ಬಂದಾಗ ತೂಕ ಹಾಕಿಸಿ ಹಿಂದಿನದರ ಜೊತೆ ಹೋಲಿಸಿ ನೋಡಿ.

ಅವ್ವನ ಮುನಿಸಿಗೆ ಔಷಧಿ ಸುಲಭ. "ಅಜ್ಜಿ ತಪ್ಪು ಮಾಡಿದ್ರು" ಅನ್ನಬೇಡಿ. "ಕೂಸು ಹೊಟ್ಟೇಲಿ ಕೂತಿತ್ತಲ್ಲ ಅವ್ವಾ, ಅದಕ್ಕೆ ಇದರ ಕಾಲು ಬಿಡಬೇಕಂತೆ" ಅನ್ನಿ. ಈ ಕೂಸಿಗೆ ಮಾತ್ರದ ಮಾತು ಎಂದರೆ ಯಾರ ಬಾಣಂತನಕ್ಕೂ ಕುಂದು ಬರುವುದಿಲ್ಲ. ಎರೆಯುವಾಗ ಕಾಲು ಹಿಡಿದು ತಲೆಕೆಳಗು ಮಾಡುವುದು, ಕಾಲು ಜಗ್ಗುವುದು ಇದ್ದರೆ ಅದನ್ನೂ ಇದೇ ಮಾತಿನಲ್ಲಿ ನಿಲ್ಲಿಸಿ.

ಇಷ್ಟೆಲ್ಲ ಮರೆತರೂ ಒಂದನ್ನು ಮರೆಯಬೇಡಿ: ಕೂಸಿಗೆ ಆರು ವಾರ ತುಂಬುವ ಹೊತ್ತಿಗೆ ಸೊಂಟದ ಕೀಲಿನ ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಬೇಕು. ಹುಟ್ಟಿದಾಗ ಡಾಕ್ಟರು ಕಾಲು ಮಡಚಿ ನೋಡಿ ಸರಿಯಿದೆ ಎಂದಿದ್ದರೂ ಆಗಬೇಕು, ಕುಂಡಿ ಕೆಳಗಾಗಿದ್ದ ಕೂಸಿಗೆ ಆ ವಿನಾಯಿತಿ ಇಲ್ಲ. ಬಸಿರಿನಲ್ಲಿ ನಿಮಗೆ ಮಾಡಿದಂಥದ್ದೇ ಸ್ಕ್ಯಾನ್, ಸೂಜಿಯಿಲ್ಲ, ಎಕ್ಸ್‌ರೇ ಕಿರಣವಿಲ್ಲ. ಎಕ್ಸ್‌ರೇ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಈಗ ಬೇಡ. ಆ ಗುಂಡು ಇನ್ನೂ ಮೂಳೆಯಾಗಿಲ್ಲ, ನಾಲ್ಕು ತಿಂಗಳ ಒಳಗೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಿಗೆ ಬರವಿಲ್ಲ, ಚೀಟಿ ತೋರಿಸಿ ಎಲ್ಲಿ ಮಾಡಿಸಬೇಕೆಂದು ಕೇಳಿ ದಿನ ಗೊತ್ತುಮಾಡಲಿ. ಈ ಓಡಾಟ ಯಜಮಾನರ ಪಾಲಿಗೆ. ಆ ದಿನ ರಜೆ ಹಾಕಿ, ಹೊಳಲ್ಕೆರೆಗೆ ತಾವೇ ಬಂದು, ಕೂಸನ್ನು ತಾವೇ ಎತ್ತಿಕೊಂಡು ಹೋಗಲಿ.