ಮೇನ್ ಆರಿಸಿದರೂ ಮಿನುಗುವ ಮೀಟರ್

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ ನಮ್ಮದು. ಇರುವವರು ಮೂರೇ ಜನ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತಿತ್ತು. ಈ ಸಲ 231 ಯೂನಿಟ್ ಅಂತ ಎರಡು ಸಾವಿರದ ಹತ್ತಿರ ಬಂದಿದೆ. ಹೊಸದಾಗಿ ಏನೂ ಕೊಂಡಿಲ್ಲ. ಓನರ್ ‘ನೀವು ಉರಿಸಿದ್ದಕ್ಕೆ ನಾನೇನು ಮಾಡಲಿ’ ಅನ್ನುತ್ತಾರೆ. ಕಟ್ಟಲೇಬೇಕಾ?

ಉತ್ತರ: 200 ಯೂನಿಟ್ ದಾಟಿದ್ದೇ ಎಡವಟ್ಟು. ಅದರೊಳಗಿದ್ದರೆ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಯ ಮೇಲಿನದಕ್ಕಷ್ಟೇ ದುಡ್ಡು. ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಬಿಲ್ ಹಿಡಿದು ಮೀಟರ್ ಹತ್ತಿರ ಹೋಗಿ. ಬಿಲ್ಲಿನಲ್ಲಿರುವ ರೀಡಿಂಗಿಗಿಂತ ಮೀಟರಿನಲ್ಲಿ ಕಡಿಮೆ ಇದ್ದರೆ ಓದಿದವರ ತಪ್ಪು. ಫೋಟೊ ತೆಗೆದು ಬೆಸ್ಕಾಂ ಸಬ್‌ಡಿವಿಜನ್ ಆಫೀಸಿಗೆ ಕೊಡಿ, 1912ಕ್ಕೂ ದೂರು ಹೇಳಿ.

ರೀಡಿಂಗ್ ಸರಿಯಿದೆಯಾ? ಹಾಗಾದರೆ ಮನೆಯೊಳಗಿನ ಮೇನ್ ಆರಿಸಿ ಬನ್ನಿ. ಕೆಳಗೆ ಮೀಟರ್ ಪಕ್ಕದ್ದಲ್ಲ, ಮನೆಯೊಳಗಿನದು. ಮೀಟರಿನ ಪುಟ್ಟ ಕೆಂಪು ದೀಪ ಮಿನುಗುವುದು ನಿಲ್ಲಬೇಕು. ಸುಮ್ನೆ ಹತ್ತು ನಿಮಿಷ ನೋಡುತ್ತಾ ನಿಲ್ಲಿ. ವೈರಿಂಗ್ ಕೆಲಸ ಮಾಡುವ ನನಗೂ ಒಮ್ಮೆ ಹೀಗೇ ಆಗಿತ್ತು. ಎಲ್ಲ ಆರಿಸಿದ್ದೆ, ದೀಪ ಸತ್ತಂತಿತ್ತು. ಅಷ್ಟರಲ್ಲಿ ಸಂಪಿನ ಮೋಟಾರ್ ಗುರ್ರ್ ಅಂತು ನೋಡಿ, ದೀಪ ಟಪಟಪ ಹೊಡೆದುಕೊಳ್ಳತೊಡಗಿತು! ಯಾರೋ ಪುಣ್ಯಾತ್ಮ ಮೋಟಾರಿನ ವೈರನ್ನು ನಮ್ಮ ಲೈನಿಗೆ ಸೇರಿಸಿದ್ದ. ಮೇಲೆ ಟ್ಯಾಂಕಿನ ಫ್ಲೋಟ್ ಬೇರೆ ಕೆಟ್ಟಿತ್ತು. ನೀರು ತುಂಬಿ ಚೆಲ್ಲಿದರೂ ಮೋಟಾರ್ ಓಡುತ್ತಲೇ ಇತ್ತು. ಒಂದು ಎಚ್‌ಪಿ ಮೋಟಾರ್ ಅಂದರೂ ಗಂಟೆಗೆ ಮುಕ್ಕಾಲು ಯೂನಿಟ್‌ಗೆ ಕಡಿಮೆಯಿಲ್ಲ.

ದೀಪ ಅಲ್ಲಾಡಲೇ ಇಲ್ಲವಾದರೆ ನಿಮ್ಮ ಗೀಸರ್ ಮೇಲೇ ನನಗೆ ಅನುಮಾನ. 2 ಕಿಲೋವ್ಯಾಟಿನದು ಒಂದು ಗಂಟೆ ಕಾದರೆ 2 ಯೂನಿಟ್. ಬಿಸಿಯಾದ ಮೇಲೆ ತಾನೇ ಆರುತ್ತದೆ ನಿಜ, ಆದರೆ ಸ್ವಿಚ್ ಹಾಕಿಯೇ ಬಿಟ್ಟರೆ ನೀರು ಆರಿದಂತೆಲ್ಲ ಮತ್ತೆ ಹೊತ್ತಿಕೊಳ್ಳುತ್ತದೆ ಅಲ್ವಾ?

ಬಿಲ್ಲನ್ನಂತೂ ಕೊನೆಯ ದಿನದೊಳಗೆ ಕಟ್ಟಿಬಿಡಿ, ಫ್ಯೂಸ್ ಕಿತ್ತರೆ ಕತ್ತಲಲ್ಲಿ ಕೂರುವವರು ನೀವೇ. ಮೋಟಾರಿನದೇ ಕಿತಾಪತಿ ಅಂತಾದರೆ ಓನರ್ ಜೊತೆ ವಾದ ಬೇಡ, ಕರೆದುಕೊಂಡು ಬಂದು ದೀಪ ತೋರಿಸಿ. ನಮ್ಮ ಓನರ್ ಐದು ನಿಮಿಷ ನಿಂತು ನೋಡಿ, ‘ಮುಂದಿನ ಬಾಡಿಗೆಯಲ್ಲಿ ಹಿಡ್ಕೊಳ್ಳಿ’ ಅಂದರು. ಮೋಟಾರನ್ನು ಅವರ ಮೀಟರಿಗೆ ಹಾಕಿಸಲು ಮಾತ್ರ ಎರಡು ತಿಂಗಳು ಹಿಂದೆ ಬೀಳಬೇಕಾಯಿತು.